ತುದಿಗಾಲ್ತನ ಮೀಮಾಂಸೆ

ಗ್ರಂಥ ಆರಂಭಿಸುವ ಮುನ್ನ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡುವುದು ಶಾಸ್ತ್ರಕಾರರ ಪದ್ಧತಿ. ಇದಕ್ಕೆ ಅಧಿಕಾರಿ ಯಾರು? ಟಿಕೆಟ್ ಕೊಂಡವನು. ವಿಷಯ? 2008ರ ಜುಲೈನಲ್ಲಿ ತೆರೆಕಂಡ, ಕ್ರಿಸ್ಟೋಫರ್ ನೋಲನ್ ನಿರ್ದೇಶನದ ‘ದಿ ಡಾರ್ಕ್ ನೈಟ್’. ಪ್ರಯೋಜನ? ಬೆವರು. ಸಂಬಂಧ? ಬ್ಯಾಟ್‌ಮ್ಯಾನ್ ಎಂಬ ಆ ಬಾವಲಿ ಮನುಷ್ಯನಿಗೂ ನನಗೂ ಕೊಡುಕೊಳ್ಳುವ ಸಂಬಂಧ ಏನೂ ಇಲ್ಲ. ಆದರೂ 152 ನಿಮಿಷಗಳಲ್ಲಿ ಬಹುಪಾಲು ಹೊತ್ತು ನನ್ನ ಹಿಮ್ಮಡಿ ನೆಲಕ್ಕೆ ತಾಗಲಿಲ್ಲ. ಯಾಕೆ ತಾಗಲಿಲ್ಲ ಎಂಬ ವಿಚಾರಕ್ಕಾಗಿಯೇ ಈ ಗ್ರಂಥ ಹುಟ್ಟಿದೆ.

ಮೊದಲು ನಾಮಕರಣವಾಗಲಿ. ಸಸ್ಪೆನ್ಸ್ ಎನ್ನುವುದಕ್ಕೆ ‘ಕುತೂಹಲ’ ಎಂದುಬಿಟ್ಟರೆ ಪಕ್ಕದ ಮನೆಗೆ ಬಂದ ನೆಂಟರು ಯಾರೆಂದು ಕಿಟಕಿಯಲ್ಲಿ ಇಣುಕುವುದೂ ಅದರಲ್ಲಿ ಸೇರಿಬಿಡುತ್ತದೆ. ‘ಆತಂಕ’ವೋ, ಮಗಳ ಪಿಯುಸಿ ಫಲಿತಾಂಶದ ಹಿಂದಿನ ರಾತ್ರಿಯದು, ದುಡ್ಡು ಕೊಟ್ಟು ಅದನ್ನು ಯಾರೂ ಕೊಳ್ಳುವುದಿಲ್ಲ. ಹೀಗಾಗಿ ‘ತುದಿಗಾಲಲ್ಲಿ ನಿಲ್ಲು’ ಎಂಬ ನಮ್ಮ ನುಡಿಗಟ್ಟಿನಿಂದ ‘ತುದಿಗಾಲ್ತನ’ ಎಂಬ ಪಾರಿಭಾಷಿಕವನ್ನು ಟಂಕಿಸಿದ್ದೇನೆ. ಕೂತವನು ತುದಿಗಾಲಲ್ಲಿ ಹೇಗೆ ನಿಂತಾನು ಎಂದು ಆಕ್ಷೇಪಿಸುವವರು ಚಿತ್ರಮಂದಿರದಲ್ಲಿ ಬಗ್ಗಿ ಅಕ್ಕಪಕ್ಕದವರ ಪಾದ ಪರೀಕ್ಷಿಸಲಿ. ನಾನು ಪರೀಕ್ಷಿಸಿದೆ. ಪಕ್ಕದ ಯಜಮಾನರು “ಏನ್ ಸಾರ್, ಪರ್ಸ್ ಬಿತ್ತಾ?” ಎಂದು ಮೊಬೈಲ್ ಬೆಳಕು ಬಿಟ್ಟರು. ಪ್ರಯೋಗ ಕೆಟ್ಟಿತು.

ಭರತಮುನಿ ಹೇಳಿದ ಎಂಟು ಸಾತ್ತ್ವಿಕ ಭಾವಗಳಲ್ಲಿ ಸ್ತಂಭ, ಸ್ವೇದ, ರೋಮಾಂಚ ಈ ಮೂರು ನನ್ನಲ್ಲಿ ಕಂಡವು. ರೋಮಾಂಚವನ್ನು ಸಾಕ್ಷ್ಯವಾಗಿ ಒಪ್ಪಲಾಗದು, ಎ.ಸಿ. ಜೋರಾಗಿತ್ತು.

ಸೂತ್ರ 1: ಸಾಯದವನಿಗಾಗಿ ಹೆದರಲಾಗದು.

ವೃತ್ತಿ: ಸೂಪರ್‌ಹೀರೊ ಸಾಯುವುದಿಲ್ಲ ಎಂಬುದು ಟಿಕೆಟ್ ಹರಿಯುವ ಹುಡುಗನಿಗೂ ಗೊತ್ತು. ಕ್ರಿಶ್ಚಿಯನ್ ಬೇಲ್ ಆ ಕರಿ ಕವಚ ತೊಟ್ಟು ಎಷ್ಟೇ ಎತ್ತರದಿಂದ ಜಿಗಿಯಲಿ, ಮುಂದಿನ ಭಾಗಕ್ಕೆ ಅವನು ಬೇಕು, ಬದುಕಿರುತ್ತಾನೆ. ಮುಳುಗಿದ ಈ ಬಂಡವಾಳದ ಮೇಲೆ ವ್ಯಾಪಾರ ನಡೆಸಬೇಕಾದ ಗತಿ ದೀಪದವರದು, ಕತ್ತರಿಯವರದು, ಸದ್ದಿನವರದು. ಸೂತ್ರ 2 ಮತ್ತು 3ನ್ನು ಪಾಪ್‌ಕಾರ್ನ್ ಪೊಟ್ಟಣದ ಮೇಲೆ ಬರೆದಿದ್ದೆ. ಗುಡಿಸುವವರು ಒಯ್ದರು.

ಸೂತ್ರ 4: ಕಪ್ಪಿಗಿಂತ ಬಿಳುಪು ಕೇಡು.

ಇಲ್ಲಿ ಪೂರ್ವಪಕ್ಷ ಬಲವಾಗಿದೆ. ನಾಟ್ಯಶಾಸ್ತ್ರದ ಪ್ರಕಾರ ಭಯಾನಕ ರಸದ ಬಣ್ಣ ಕಪ್ಪು, ಅಧಿದೇವತೆ ಕಾಲ. ಚಿತ್ರದ ಹೆಸರಿನಲ್ಲೇ ಕತ್ತಲು, ನಾಯಕನ ಉಡುಪೂ ಕಪ್ಪು, ಇನ್ನೇನು ಬೇಕು? ಆದರೆ ಚಿತ್ರ ಶುರುವಾಗುವುದೇ ಹಾಡಹಗಲಲ್ಲಿ. ಕೋಡಂಗಿ ಮುಖವಾಡದ ಕಳ್ಳರು ಬ್ಯಾಂಕು ದೋಚುತ್ತಾರೆ, ಐಮ್ಯಾಕ್ಸ್ ಕ್ಯಾಮೆರಾ ಒಂದಿಂಚೂ ಬಿಡದೆ ತೋರಿಸುತ್ತದೆ. ಒಬ್ಬನ ಕೆಲಸ ಮುಗಿದೊಡನೆ ಇನ್ನೊಬ್ಬ ಅವನನ್ನು ಮುಗಿಸುತ್ತಾನೆ. ಅಡಗುವುದಕ್ಕೆ ಕತ್ತಲಿಲ್ಲ, ಆದರೂ ಬೇಕಾದವನು ಯಾರೆಂದು ಕೊನೆಯವರೆಗೂ ಕಾಣುವುದಿಲ್ಲ.

ವಿಚಾರಣೆಯ ಕೋಣೆಯ ದೃಶ್ಯ ಬಂದ ಮೇಲಂತೂ ಪೂರ್ವಪಕ್ಷಿ ಬಾಯಿ ಮುಚ್ಚಬೇಕಾಗುತ್ತದೆ. ಮೇಜಿನ ದೀಪ ಒಂದೇ. ಅದರ ಮಂದ ಬೆಳಕಿನಲ್ಲಿ ಹೀತ್ ಲೆಜರ್‌ನ ಖಳನಾಯಕ ಜೋಕರ್, ಎದುರು ಗ್ಯಾರಿ ಓಲ್ಡ್‌ಮನ್‌ನ ಪೊಲೀಸ್ ಅಧಿಕಾರಿ ಗಾರ್ಡನ್. ನಾವು ಆ ಕತ್ತಲಿಗೆ ಹೊಂದಿಕೊಂಡು ‘ಇದೇ ಭಯ, ಇದಿಷ್ಟೇ’ ಎಂದು ಒಪ್ಪಂದ ಮಾಡಿಕೊಂಡಿರುತ್ತೇವೆ. ಗಾರ್ಡನ್ ಕಾಫಿಯ ನೆಪ ಹೇಳಿ ಹೊರಗೆ ಹೋಗುತ್ತಾನೆ. ದೀಪಗಳು ಧಗ್ಗನೆ ಹೊತ್ತುತ್ತವೆ. ಜೋಕರ್‌ನ ಬೆನ್ನ ಹಿಂದೆಯೇ ಬಾವಲಿ! ಅಷ್ಟು ಹೊತ್ತೂ ಅವನು ಅಲ್ಲೇ ಇದ್ದ. ಕತ್ತಲು ನಮ್ಮನ್ನು ಹೆದರಿಸುತ್ತಿರಲಿಲ್ಲ, ನಾಯಕನನ್ನು ಬಚ್ಚಿಟ್ಟಿತ್ತು, ಅಷ್ಟೆ. ಹೆದರಿಕೆ ಶುರುವಾಗುವುದು ಬೆಳಕಿನಲ್ಲಿ. ಬಿಳಿ ಬೆಳಕು ಗೋಡೆಯನ್ನೆಲ್ಲ ತೊಳೆದುಬಿಡುತ್ತದೆ, ಜೋಕರ್‌ನ ಮುಖದ ಸುಣ್ಣ ಎಲ್ಲೆಲ್ಲಿ ಕಿತ್ತಿದೆ ಎಂಬುದೂ ಕಾಣುತ್ತದೆ. ಎಲ್ಲವೂ ಕಂಡ ಮೇಲೆ ಗೊತ್ತಾಗುವುದೇನು? ಹೊಡೆತ ತಿನ್ನುವವನು ನಗುತ್ತಿದ್ದಾನೆ, ಹೊಡೆಯುವವನಿಗೆ ದಾರಿ ತೋಚುತ್ತಿಲ್ಲ. ಕಾಣದಿದ್ದರೆ ಒಳ್ಳೆಯದಿತ್ತು.

ಈ ದೀಪವಿದ್ಯೆಯ ಕರ್ತೃ ವಾಲಿ ಫಿಸ್ಟರ್. ನಮ್ಮ ವಾಲಿ ಮರೆಯಿಂದ ಬಂದ ಬಾಣ ತಿಂದವನು. ಈ ವಾಲಿ ಮರೆಯನ್ನೇ ನಿರ್ಮಿಸಿಕೊಟ್ಟವನು. ಹೆಸರು ಒಂದೇ ಎಂಬ ಕಾರಣಕ್ಕೆ ಕಿಷ್ಕಿಂಧೆಯಿಂದ ಹಾಲಿವುಡ್‌ಗೆ ವಲಸೆ ನಡೆದಿತ್ತೆಂದು ಇನ್ನೊಬ್ಬ ವಿದ್ವಾಂಸರು ಸಾಧಿಸುವ ಮೊದಲೇ ನಾನು ಅದನ್ನು ಖಂಡಿಸಿದ್ದೇನೆ ಎಂದು ದಾಖಲಾಗಲಿ.

ಹಾಗಾದರೆ ಭರತಮುನಿ ಸೋತನೆ? ಬಣ್ಣದಲ್ಲಿ ಸೋತ, ದೇವತೆಯಲ್ಲಿ ಗೆದ್ದ. ಕಾಲ ಎಂದರೆ ಮೃತ್ಯುವೂ ಹೌದು, ಹೊತ್ತೂ ಹೌದು. ಅದೇ ಕೋಣೆಯಲ್ಲಿ ಕಾಣೆಯಾದ ಸರ್ಕಾರಿ ವಕೀಲ ಹಾರ್ವಿ ಡೆಂಟ್ ಎಲ್ಲಿ ಎಂದು ಗಾರ್ಡನ್ ಗದರಿದರೆ ಜೋಕರ್ ಮರುಪ್ರಶ್ನೆ ಹಾಕುತ್ತಾನೆ: ಈಗ ಗಂಟೆ ಎಷ್ಟು? ನಾಟ್ಯಶಾಸ್ತ್ರ ಓದಿಕೊಂಡೇ ಬಂದವನ ಹಾಗೆ.

ಕಾಲನ ಶಾನುಭೋಗ ಯಾರೆಂದರೆ ಸಂಕಲನಕಾರ ಲೀ ಸ್ಮಿತ್. ಡೆಂಟ್ ಒಂದು ಉಗ್ರಾಣದಲ್ಲಿ, ಅವನ ಪ್ರೇಯಸಿ ರೇಚಲ್ ಇನ್ನೊಂದರಲ್ಲಿ. ಇಬ್ಬರನ್ನೂ ಕಟ್ಟಿಹಾಕಿ ಸುತ್ತ ಇಂಧನದ ಪೀಪಾಯಿ ಪೇರಿಸಿದ್ದಾರೆ. ಜೋಕರ್ ಎರಡೂ ವಿಳಾಸ ಕೊಡುತ್ತಾನೆ. ಬಾವಲಿ ರೇಚಲ್ ಕಡೆಗೆ, ಪೊಲೀಸರು ಡೆಂಟ್ ಕಡೆಗೆ. ಇನ್ನು ಕತ್ತರಿಯ ಕೈಚಳಕ ನೋಡಿ: ಇವಳು, ಅವನು, ಓಡುವ ವಾಹನ, ಮತ್ತೆ ಇವಳು, ನಡುವೆ ಠಾಣೆಯಲ್ಲಿ ಜೋಕರ್‌ನ ಇನ್ನೊಂದು ಕಿತಾಪತಿ. ಒಂದರ ಬಾಲಕ್ಕೆ ಇನ್ನೊಂದನ್ನು ಅಂಟಿಸಿದರೆ ಪ್ರೇಕ್ಷಕ ತಾನಾಗಿಯೇ ಲೆಕ್ಕ ಹಾಕಿಕೊಳ್ಳುತ್ತಾನೆ: ಈ ಗಾಡಿ ಆ ಬಾಗಿಲಿಗೆ. ಕತ್ತರಿ ಹಾಗೆಂದು ಎಲ್ಲೂ ಹೇಳಿಲ್ಲ. ಹೇಳಿಕೊಂಡದ್ದು ನಾವು. ಬಾವಲಿ ಬಾಗಿಲು ಒಡೆದರೆ ಒಳಗಿರುವವನು ಡೆಂಟ್! ಜೋಕರ್ ವಿಳಾಸ ಅದಲುಬದಲು ಮಾಡಿ ಕೊಟ್ಟಿದ್ದ.

ನನ್ನ ಹಿಮ್ಮಡಿಗೆ ಪೆಟ್ಟು ಬಿದ್ದದ್ದು ಆಮೇಲೆ. ಇಂಥ ಕಡೆ ಕೊನೆಯ ಕ್ಷಣವೊಂದು ಮೀಸಲಿರುತ್ತದೆ ಎಂದು ಜೀವಮಾನವಿಡೀ ಸಿನಿಮಾ ನೋಡಿ ಕಲಿತವನು ನಾನು. ಇಲ್ಲಿ ರೇಚಲ್ ಇನ್ನೂ ಮಾತಾಡುತ್ತಿರುತ್ತಾಳೆ, ವಾಕ್ಯಕ್ಕೆ ಕ್ರಿಯಾಪದ ಬಂದಿರುವುದಿಲ್ಲ, ಕಟ್ಟಡ ಹಾರಿಹೋಗುತ್ತದೆ. ಅರ್ಧಕ್ಕೆ ನಿಂತ ಆ ವಾಕ್ಯವನ್ನು ನಾನು ಬಸ್ಸಿನಲ್ಲಿ ಮನೆಯವರೆಗೂ ಪೂರ್ತಿ ಮಾಡುತ್ತಲೇ ಇದ್ದೆ. ಸೂತ್ರ 1ಕ್ಕೆ ಪರಿಹಾರವೂ ಇದೇ: ಸಾಯದವನನ್ನು ಬದಿಗಿಟ್ಟು ಸಾಯಬಲ್ಲವರನ್ನು ಪೀಪಾಯಿಗಳ ನಡುವೆ ಕೂರಿಸುವುದು.

ಸೂತ್ರ 9: ಏರುತ್ತಲೇ ಇರಬೇಕು, ಮುಟ್ಟಬಾರದು.

ಸಂಗೀತಕ್ಕೆ ಇಬ್ಬರು, ಹ್ಯಾನ್ಸ್ ಜಿಮ್ಮರ್ ಮತ್ತು ಜೇಮ್ಸ್ ನ್ಯೂಟನ್ ಹೊವಾರ್ಡ್. ಜೋಕರ್‌ನ ಪಾಲು ಜಿಮ್ಮರ್‌ನದು. ತಂತಿವಾದ್ಯಗಳ ಮೇಲೆ ಕ್ಷೌರದ ಬ್ಲೇಡು ಎಳೆದು ನೋಡಿದ ಮಹಾನುಭಾವ ಈತ. ಕೊನೆಗೆ ಉಳಿಸಿಕೊಂಡದ್ದು ಹೆಚ್ಚುಕಡಿಮೆ ಒಂದೇ ಸ್ವರ. ಅದು ಬಿಗಿಯಾಗುತ್ತ, ಕೆರೆಯುತ್ತ, ಹಲ್ಲಿನ ಸಂದಿಗೆ ಇಳಿಯುತ್ತದೆ. ನಮ್ಮ ಸಂಗೀತ ಸಭೆಯ ಹಿರಿಯರು ಕೇಳಿದ್ದರೆ ಶ್ರುತಿಪೆಟ್ಟಿಗೆ ರಿಪೇರಿಗೆ ಕಳಿಸಿ ಎನ್ನುತ್ತಿದ್ದರು. ಸ್ವರ ಮುಂದಿನ ಮನೆಗೆ ಹೋದರೆ ರಾಗವಾಗುತ್ತದೆ, ಹೊಸ್ತಿಲಲ್ಲೇ ನಿಂತರೆ ಭಯವಾಗುತ್ತದೆ.

ಇದಕ್ಕೂ ಮಿಗಿಲಾದ ಮೋಸ ಬಾವಲಿಯ ಎರಡು ಚಕ್ರದ ಬಂಡಿ, ಬ್ಯಾಟ್‌ಪಾಡ್‌ನ ಸದ್ದಿನಲ್ಲಿದೆ. ರೋಜರ್ ಶೆಪರ್ಡ್ ಎಂಬ ಮನಃಶಾಸ್ತ್ರಜ್ಞ 1964ರಲ್ಲಿ ಪ್ರಕಟಿಸಿದ ಚಮತ್ಕಾರ ಅದು. ಒಂದೊಂದು ಸ್ಥಾಯಿ ಅಂತರದ ಹಲವು ಸ್ವರಗಳನ್ನು ಒಟ್ಟಿಗೆ ಏರಿಸುತ್ತ, ಮೇಲಿನದನ್ನು ಮೆಲ್ಲಗೆ ಅಳಿಸಿ ಕೆಳಗಿನದನ್ನು ಮೆಲ್ಲಗೆ ಸೇರಿಸಿದರೆ, ಸದ್ದು ಏರುತ್ತಲೇ ಇದೆ ಎಂದು ಕಿವಿ ನಂಬುತ್ತದೆ. ಎಲ್ಲಿಗೂ ಏರಿರುವುದಿಲ್ಲ. ಸದ್ದಿನ ವಿನ್ಯಾಸಕಾರ ರಿಚರ್ಡ್ ಕಿಂಗ್ ಇದನ್ನು ಬಂಡಿಗೆ ಕಟ್ಟಿದ; ಆ ಬಂಡಿಗೆ ಗೇರ್ ಮುಗಿಯುವುದೇ ಇಲ್ಲ. ಅದೇ ಕಿಂಗ್, ಲಾರಿ ಬೆನ್ನಟ್ಟುವ ದೃಶ್ಯದ ಬಹುಭಾಗದಲ್ಲಿ ಸಂಗೀತವಿಲ್ಲದೆ ಬರೀ ಎಂಜಿನ್ನು, ಗುಂಡು, ತಗಡುಗಳಿಂದಲೇ ಕೆಲಸ ತೆಗೆದ. ವಾದ್ಯವಿದ್ದರೆ ‘ಈಗ ಹೆದರು, ಈಗ ಸುಧಾರಿಸಿಕೋ’ ಎಂದು ಕೈ ಹಿಡಿದು ನಡೆಸುತ್ತದೆ. ಅದು ತೆಪ್ಪಗಾದರೆ ರಸ್ತೆಯಲ್ಲಿ ನಾವು ಒಬ್ಬರೇ. ಧ್ವನಿ ಸಂಕಲನದ ಆಸ್ಕರ್ ಅವನಿಗೇ ಬಂತು. ಅಕಾಡೆಮಿಯವರೂ ಹಿಮ್ಮಡಿ ಎತ್ತಿದ್ದರೆಂದು ಇದರಿಂದ ಊಹಿಸಬಹುದು.

ಶೆಪರ್ಡ್ ಸ್ವರಕ್ಕೆ ದೇಶೀಯ ದೃಷ್ಟಾಂತ ಬೇಕಿತ್ತು. ಒಲೆಯ ಮೇಲಿನ ಕುಕ್ಕರ್ ಬುಸುಗುಡತೊಡಗುವುದಕ್ಕೂ ಕೂಗುವುದಕ್ಕೂ ನಡುವಿನ ಹೊತ್ತು ಹೆಚ್ಚುಕಡಿಮೆ ಅದೇ ಎಂದು ಹೊಳೆದು, ಪ್ರತ್ಯಕ್ಷ ಪ್ರಮಾಣಕ್ಕಾಗಿ ನೋಟ್‌ಬುಕ್ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕೂತೆ. ಹಬೆ ಏರಿತು. ಇನ್ನೂ ಏರಿತು. ಈಗ ಕೂಗಿತು, ಇದೀಗ ಕೂಗಿತು ಎಂದು ಸೂತ್ರ 10ರ ಮೇಲೆ ಪೆನ್ನು ಎತ್ತಿ ಹಿಡಿದೆ. ಹತ್ತು ನಿಮಿಷವಾಯಿತು. ಹಿಮ್ಮಡಿ ನೆಲ ಬಿಟ್ಟಿತ್ತು, ಸ್ವೇದ ಸ್ಪಷ್ಟವಾಗಿತ್ತು.

ಹಿತ್ತಲಿಂದ ಬಟ್ಟೆ ತಂದ ಹೆಂಡತಿ ಒಲೆ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

“ರೀ, ವೇಟ್ ಹಾಕೇ ಇಲ್ಲ ಅದಕ್ಕೆ.”