ಉಪ್ಪಿನಕಾಯಿಗೆ ಎರಡು ಒಳ್ಳೆ ಮಾತು

ಶಿರಸಿಯ ನಮ್ಮ ಅತ್ತಿಗೆ ಇನ್‌ಸ್ಟಾಗ್ರಾಂನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತಾರೆ. ಮಿಡಿಯನ್ನು ತೊಟ್ಟು ಸಮೇತ ಕೊಯ್ಯಿಸುವುದು, ಉಪ್ಪಿನಲ್ಲಿ ಚಿರುಟಿಸುವುದು, ಸಾಸಿವೆ ಖಾರ ಅರೆಯುವುದು ಎಲ್ಲ ಅವರಿಗೆ ನೀರು ಕುಡಿದಷ್ಟು ಸಲೀಸು. ತಿಂದವರ ಬಾಯಿಂದ ಎರಡು ಒಳ್ಳೆ ಮಾತು ಹೊರಡಿಸುವುದೇ ಕಷ್ಟ.

ನಮ್ಮ ಜನ ಹೊಗಳಿಕೆಯಲ್ಲಿ ಬಲು ಜಿಪುಣರು. ‘ಬಾಟಲಿ ಖಾಲಿ, ಇನ್ನೆರಡು ಕಳಿಸಿ’ ಅಂತಾರೆ. ಹೇಗಿತ್ತು ಅಂದರೆ ‘ಪರವಾಗಿಲ್ಲ.’ ಇನ್ನೂ ಒತ್ತಾಯಿಸಿದರೆ ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳು. ಒಬ್ಬರು ಉದ್ದದ ಧ್ವನಿಸಂದೇಶವನ್ನೇ ಕಳಿಸಿದರು. ಅದರಲ್ಲಿ ಮುಕ್ಕಾಲು ಪಾಲು ಕೊರಿಯರ್‌ನವನಿಗೆ ಬೈಗುಳ, ಕೊನೆಗೆ ‘ಮತ್ತೆ, ಮಳೆ ಹೇಗಿದೆ?’

ನೆಂಟರು ಮಾತ್ರ ಧಾರಾಳಿಗಳು. ಮುಚ್ಚಳವನ್ನೇ ತೆಗೆಯದ ಚಿಕ್ಕಪ್ಪನೂ ಐದು ನಕ್ಷತ್ರ ಕೊಡಲು ತಯಾರು. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗೆಂದೇ ಐಎಸ್ 19000 ಎಂಬ ಮಾನದಂಡ ತಂದಿದೆ. ದುಡ್ಡು ಕೊಟ್ಟು ಬರೆಸಿದ ಹೊಗಳಿಕೆ ಕೂಡದು ಅನ್ನುತ್ತದೆ. ಉಪ್ಪಿನಕಾಯಿ ಕೊಟ್ಟು ಬರೆಸಿದರೆ? ಅತ್ತಿಗೆ ಅಷ್ಟು ಆಳಕ್ಕೆ ಇಳಿಯಲಿಲ್ಲ, ಚಿಕ್ಕಪ್ಪನನ್ನು ಕೈಬಿಟ್ಟರು.

ಈಗ ಬಾಟಲಿ ತಲುಪಿದ ದಿನವೇ ಪೀಡಿಸುವುದಿಲ್ಲ. ವಾರ ಬಿಟ್ಟು ‘ಯಾವುದರ ಜೊತೆ ತಿಂದಿರಿ?’ ಅಂತ ಕೇಳುತ್ತಾರೆ. ಮೊಸರನ್ನ, ಗಂಜಿ ಎಂದು ಶುರುವಾದ ಮಾತು ತಾನೇ ಉದ್ದವಾಗುತ್ತದೆ. ಒಪ್ಪಿಗೆ ಪಡೆದು, ಹೆಸರು, ನಂಬರು ಮುಚ್ಚಿ, ಆ ಮಾತನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುತ್ತಾರೆ. ಅದೋ 24 ಗಂಟೆಯಲ್ಲಿ ಮಾಯ. ಮರುದಿನ ಮತ್ತೆ ಅದೇ ಹೊಗಳಿಕೆ.

ಮೊನ್ನೆ ಬೆಂಗಳೂರಿನವರೊಬ್ಬರು ‘ಖಾರ ವಿಪರೀತ, ಕಣ್ಣಲ್ಲಿ ನೀರು ಬಂತು’ ಎಂದು ಬೈದರು. ಅವರನ್ನು ಕೇಳಿಯೇ ಅದನ್ನೂ ಹಾಕಿದ್ದೇ ತಡ, ಹುಬ್ಬಳ್ಳಿ ಕಡೆಯಿಂದ ಒಂದರ ಹಿಂದೊಂದು ಆರ್ಡರು.