ಏಳು ಜನ ಹಂಗಾಮಿಗಳು

ನಮ್ಮ ಕರ್ಕಿಯಲ್ಲಿ ಸಂಘಗಳಿಗೆ ಬರ ಬಂದದ್ದಿಲ್ಲ. ಯುವಕ ಸಂಘ, ಹಾಲಿನ ಸೊಸೈಟಿ, ಸ್ತ್ರೀಶಕ್ತಿ ಗುಂಪು, ಜೀರ್ಣೋದ್ಧಾರ ಸಮಿತಿ, ಗಣೇಶೋತ್ಸವ ಸಮಿತಿ, ಅದರೊಳಗೆ ಜಗಳವಾಗಿ ಹುಟ್ಟಿದ ಇನ್ನೊಂದು ಗಣೇಶೋತ್ಸವ ಸಮಿತಿ. ಒಂದರ ಕಾರ್ಯದರ್ಶಿಯಾದವನೇ ಇನ್ನೊಂದರ ಲೆಕ್ಕ ಕೇಳಿ ಅರ್ಜಿ ಹಾಕಿದವನೂ ಆಗಿರುತ್ತಾನೆ. ಹಾಗಾಗಿ ಅಕ್ಕನ ಮಗ ಬಂದು, "ಮಾವಾ, ನಾವೂ ಒಂದು ಸಂಘ ಮಾಡ್ತೇವೆ" ಎಂದಾಗ ನಾನು ಪೇಪರಿನಿಂದ ತಲೆ ಎತ್ತಲಿಲ್ಲ. "ಹಂಗಾಮಿ ವಕೀಲರ ಸಂಘ" ಎಂದ ಮೇಲೆ ಎತ್ತಿದೆ.

ಮಾಣಿ ವಕೀಲನೇನೋ ಹೌದು. ಸನ್ನದು ಇದೆ, ಕಪ್ಪು ಕೋಟು ಇದೆ, ಕೋಟಿಗೆ ನಮ್ಮ ಕರಾವಳಿಯ ಸೆಖೆ ಹಿಡಿಸಿದ ಬಿಳಿ ಉಪ್ಪಿನ ಗೆರೆಗಳೂ ಇವೆ. ಇಲ್ಲದ್ದು ಸ್ವಂತದ ಕೇಸು. ಹೊನ್ನಾವರದಲ್ಲಿ ಒಬ್ಬ ಸೀನಿಯರರ ಪರವಾಗಿ ಮುದ್ದತು ಕೇಳಿ, ಬಸ್ಸು ಹತ್ತಿ ಕುಮಟೆಗೆ ಹೋಗಿ ಅಲ್ಲಿ ಇನ್ನೊಬ್ಬರ ಪರವಾಗಿ ಮುದ್ದತು ಕೇಳುತ್ತಾನೆ. ಕೆಲವೊಮ್ಮೆ ಭಟ್ಕಳದ ಕರೆಯೂ ಬರುತ್ತದೆ. ಸಾಹೇಬರು "ನಿಮ್ಮ ಸೀನಿಯರ್ ಎಲ್ಲಿ?" ಎಂದರೆ "ಧಾರವಾಡಕ್ಕೆ ಹೋಗಿದ್ದಾರೆ ಸ್ವಾಮಿ" ಎನ್ನಬೇಕು. ಈ ಉತ್ತರಕ್ಕೆ ತೂಕ ಬಂದದ್ದು 2008ರ ಜುಲೈಯಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂದ ಮೇಲೆ. ಅದಕ್ಕೆ ಮೊದಲು ಬೆಂಗಳೂರು ಎನ್ನಬೇಕಾಗುತ್ತಿತ್ತು. ಆ ಸಂಚಾರಿ ಪೀಠ ಕಾಯಂ ಆದದ್ದು 2013ರಲ್ಲಿ. ಮಾಣಿಗೆ ತನ್ನ ಬದುಕಿನ ಬಗ್ಗೆ ಇರುವ ಏಕೈಕ ನಜೀರು ಇದೇ: "ಹೈಕೋರ್ಟಿನ ಪೀಠವೇ ಐದು ವರ್ಷ ಹಂಗಾಮಿಯಾಗಿತ್ತಲ್ಲ ಮಾವಾ!"

ಹಂಗಾಮಿಗಳಲ್ಲೂ ಹಲವು ಜಾತಿ. ಬ್ಯಾಂಕಿನ ಪ್ಯಾನೆಲ್ಲಿನಲ್ಲಿ ಹೆಸರಿದ್ದು, ಯಾರಾದರೂ ಸಾಲ ಕೇಳಿದರೆ ಮಾತ್ರ ನೆನಪಾಗುವವರಿದ್ದಾರೆ. ಬೆಂಗಳೂರಿನ ಕಂಪನಿಗಳಲ್ಲಿ ರಾತ್ರಿ ಕುಳಿತು ಅಮೆರಿಕದ ದಾವೆಗಳ ಕಾಗದ ಓದುವವರಿದ್ದಾರೆ. ಸ್ವಲ್ಪ ಗಟ್ಟಿ ನೆಲದ ಮೇಲಿರುವವರು ಕಾನೂನು ಸೇವಾ ಪ್ರಾಧಿಕಾರದ ಅಭಿರಕ್ಷಕರು. 2022ರ ಯೋಜನೆಯ ಪ್ರಕಾರ ಬಡ ಆರೋಪಿಗಳ ಪರವಾಗಿ ವಾದಿಸಲು ಜಿಲ್ಲಾ ಕೇಂದ್ರಗಳಲ್ಲಿ ಮುಖ್ಯ, ಉಪ, ಸಹಾಯಕ ಎಂದು ಮೂರು ಮೆಟ್ಟಿಲಿನ ವಕೀಲರನ್ನು ಒಪ್ಪಂದದ ಮೇಲೆ ತೆಗೆದುಕೊಳ್ಳುತ್ತಾರೆ. ಮುಖ್ಯರಿಗೆ ಹತ್ತು ವರ್ಷದ ಅನುಭವ ಬೇಕು, ಉಪರಿಗೆ ಏಳು. ಮೊದಲ ಒಪ್ಪಂದ ಎರಡು ವರ್ಷ; ಮುಂದೆ ಕೆಲಸ ನೋಡಿ ವರ್ಷವರ್ಷಕ್ಕೂ ವಿಸ್ತರಣೆ. ಖಾಸಗಿ ಕೇಸು ಹಿಡಿಯುವಂತಿಲ್ಲ. ಕೈಗೆ ಬರುವುದು ಗೌರವಧನ. ವಕೀಲ ಪರಿಷತ್ತಿನ 49ನೇ ನಿಯಮ ಬೇರೆ ಇದೆಯಲ್ಲ, ವೃತ್ತಿಯಲ್ಲಿರುವ ವಕೀಲ ಪೂರ್ಣಾವಧಿ ಸಂಬಳದ ನೌಕರನಾಗಬಾರದು ಎಂದು. ಬೆಳಗಿನಿಂದ ಸಂಜೆಯವರೆಗೆ ದುಡಿಯಬಹುದು, ನೌಕರ ಎನಿಸಿಕೊಳ್ಳುವಂತಿಲ್ಲ. ಕಳ್ಳತನದ ಆರೋಪಿಯ ಹಕ್ಕನ್ನು ಗಂಟಲು ಹರಿಯುವಂತೆ ವಾದಿಸಿ ಬಂದವನು ಮಾರ್ಚ್ ತಿಂಗಳಲ್ಲಿ ತನ್ನದೇ ವಿಸ್ತರಣೆಯ ಆದೇಶಕ್ಕಾಗಿ ಕಚೇರಿಯ ಗುಮಾಸ್ತರ ಮುಖ ನೋಡುತ್ತ ನಿಲ್ಲುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ಅಮೆರಿಕದಲ್ಲಿ ಈ ವಿಚಿತ್ರ ಇನ್ನೂ ಮುಂದೆ ಹೋಯಿತು. ಡೇವಿಡ್ ಲೋಲಾ ಎಂಬ ವಕೀಲ ಗಂಟೆಗೆ 25 ಡಾಲರಿನಂತೆ ವಾರಕ್ಕೆ 45ರಿಂದ 55 ಗಂಟೆ ದೊಡ್ಡ ವಕೀಲ ಸಂಸ್ಥೆಯೊಂದರ ದಾಖಲೆ ಜಾಲಾಡಿದ. ಓವರ್‌ಟೈಮ್ ಕೇಳಿದರೆ, ವಕೀಲಿ ಮಾಡುವವರಿಗೆ ಅದಿಲ್ಲ ಎಂದರು. ಆತ ಕೋರ್ಟಿಗೆ ಹೋಗಿ, ನಾನು ಮಾಡಿದ್ದು ವಕೀಲಿಯೇ ಅಲ್ಲ ಎಂದು ವಾದಿಸಿದ. 2015ರಲ್ಲಿ ನ್ಯೂಯಾರ್ಕಿನ ಅಪೀಲು ಕೋರ್ಟು, ಯಂತ್ರವೇ ಪೂರ್ತಿ ಮಾಡಬಹುದಾದ ಕೆಲಸವನ್ನು ವಕೀಲಿ ಎನ್ನಲಾಗದು ಎಂದು ಅವನ ದಾವೆಗೆ ಮತ್ತೆ ಜೀವ ಕೊಟ್ಟಿತು. ಇದನ್ನು ಕೇಳಿ ಮಾಣಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಮುದ್ದತು ಕೇಳುವ ಯಂತ್ರ ಬರಲು ಎಷ್ಟು ದಿನ ಬೇಕು ಎಂದು ಲೆಕ್ಕ ಹಾಕುತ್ತಿದ್ದನೋ ಏನೋ.

ವಕೀಲರೇ ಬೇಡ ಎಂದು ಕಾನೂನು ಮಾಡಿದವರೂ ನಮ್ಮಲ್ಲೇ ಇದ್ದರು. ಭೂಸುಧಾರಣೆಯ ಕಾಲದಲ್ಲಿ ಭೂನ್ಯಾಯ ಮಂಡಳಿಯ ಎದುರು ವಕೀಲರು ಹಾಜರಾಗಬಾರದು ಎಂದು 48ನೇ ಕಲಮಿನಲ್ಲೇ ಬರೆದಿತ್ತು. ಗೇಣಿದಾರ ತನ್ನ ಕಥೆ ತಾನೇ ಹೇಳಬೇಕು, ಒಡೆಯನೂ ಅಷ್ಟೇ. 1987ರಲ್ಲಿ ಸುಪ್ರೀಂ ಕೋರ್ಟು ಆ ಬಾಗಿಲು ತೆಗೆಸಿತು, ಆದರೆ ಅಷ್ಟರಲ್ಲಿ ಎಷ್ಟೋ ಗೇಣಿಯ ತೀರ್ಮಾನಗಳು ಆಗಿಹೋಗಿದ್ದವು. ನಮ್ಮ ಜಿಲ್ಲೆಯ ಹಳಬರು ಈಗಲೂ ಅದನ್ನು ಒಂದು ಸುವರ್ಣಯುಗದಂತೆ ನೆನೆಯುವುದುಂಟು. ವಕೀಲರ ಎದುರು ನೆನೆಯುವುದಿಲ್ಲ, ಅಷ್ಟೇ.

ಇನ್ನು ಕರ್ಕಿಯವನಾಗಿ ಯಕ್ಷಗಾನ ಬಿಟ್ಟು ಮಾತಾಡಿದರೆ ಊರು ಕ್ಷಮಿಸದು. ಪರಮಯ್ಯ ಹಾಸ್ಯಗಾರರ, ಪಿ.ವಿ. ಹಾಸ್ಯಗಾರರ ಊರು ಇದು. ಬಡಾಬಡಗಿನ ಮಟ್ಟು ಉಳಿದದ್ದೇ ಆ ಮನೆತನದಿಂದ. ಮೇಳದ ಕಲಾವಿದರದ್ದೂ ಒಪ್ಪಂದದ ಬಾಳೇ. ತಿರುಗಾಟದ ಮೊದಲು ಮಾತು, ಮುಂಗಡ, ಮಳೆ ಬಂದರೆ ಬಿಡುಗಡೆ, ಮರುವರ್ಷ ಯಾವ ಮೇಳವೋ. ಒಂದು ರಾತ್ರಿಗೆ ಕರೆದರೆ ಅತಿಥಿ ಕಲಾವಿದ. ಆದರೆ ಅತಿಥಿಯಾಗಿ ಬಂದವನ ಹೆಸರನ್ನು ಕರಪತ್ರದಲ್ಲಿ ದೊಡ್ಡದಾಗಿ ಹಾಕುತ್ತಾರೆ. ನಮ್ಮ ಮಾಣಿ ನಿಂತ ಕೇಸಿನ ಆದೇಶದಲ್ಲಿ ಅವನ ಹೆಸರು ಎಲ್ಲೂ ಬರುವುದಿಲ್ಲ. ವೇಷ ಕಟ್ಟಿದವನು ಇವನು, ಕರಪತ್ರದಲ್ಲಿರುವುದು ಧಾರವಾಡಕ್ಕೆ ಹೋದವರು. ಸಂಘದ ಮೊದಲ ಬೇಡಿಕೆ ದುಡ್ಡಿನದಿರಬಹುದು ಎಂದುಕೊಂಡಿದ್ದೆ. ಅಲ್ಲ: ಹಾಜರಾದವರ ಹೆಸರು ದಾಖಲಾಗಬೇಕು ಎಂಬುದಂತೆ. ದುಡ್ಡು ಎರಡನೆಯದು.

ಸಂಘ ಕಟ್ಟುವುದು ಕಷ್ಟವೇನಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ, 1960, ಕೇಳುವುದು ಏಳು ಜನರನ್ನು. 1926ರ ಹಳೆಯ ಕಾರ್ಮಿಕ ಸಂಘಗಳ ಕಾಯಿದೆಯೂ ಏಳರಿಂದಲೇ ಶುರುಮಾಡುತ್ತಿತ್ತು. ಅಂಕೋಲೆಯ ಕಡೆಯ ದಿನಕರ ದೇಸಾಯರು, ಅವರೂ ಕಾನೂನು ಓದಿದವರೇ, ಮುಂಬಯಿಯಲ್ಲಿ ಹಡಗಿನ ನಾವಿಕರ ಸಂಘಟನೆಯನ್ನು ಮುನ್ನಡೆಸಿದವರು. ಇವತ್ತು ಈ ಬಂದರು, ನಾಳೆ ಆ ಸಮುದ್ರ ಎಂದಿರುವವರನ್ನು ಒಂದೇ ರಿಜಿಸ್ಟರಿನಲ್ಲಿ ಹಿಡಿದಿಟ್ಟವರ ಜಿಲ್ಲೆಯಲ್ಲಿ ಏಳು ವಕೀಲರು ಸಿಗಲಾರರೇ?

ಸಿಕ್ಕರು. ಕರ್ಕಿ ನಾಕಾದ ಹತ್ತಿರದ ಹೋಟೆಲಿನಲ್ಲಿ ಒಂದು ಭಾನುವಾರ ಸೇರಿದರು. ಚಹಾ ಬಂತು, ಬನ್ಸು ಬಂತು, ಬೈಲಾದ ಕರಡು ಬಂತು. ಕರಡು ನೋಡಿದರೆ ಏಳು ಜನ ವಕೀಲರು ಒಟ್ಟಿಗೆ ಬರೆದದ್ದೆಂದು ಯಾರಿಗೂ ಗೊತ್ತಾಗುವಂತಿತ್ತು. ಪ್ರತಿ ಕಲಮಿನ ಬಾಲಕ್ಕೂ ಒಂದು "ಪರಂತು" ಅಂಟಿತ್ತು. ಸದಸ್ಯತ್ವದ ಕಲಮಿಗೆ ಬಂದಾಗ ತೊಡಕು ಹುಟ್ಟಿತು. ಹಂಗಾಮಿಗಳಿಗೆ ಮಾತ್ರ ಸದಸ್ಯತ್ವ ಎಂದರೆ, ಒಬ್ಬನಿಗೆ ಸಿವಿಲ್ ನ್ಯಾಯಾಧೀಶನ ಪರೀಕ್ಷೆ ಪಾಸಾದರೆ ಅಥವಾ ಸರ್ಕಾರಿ ಅಭಿಯೋಜಕನಾಗಿ ಆದೇಶ ಬಂದರೆ ಆ ದಿನವೇ ಸದಸ್ಯತ್ವ ಹೋಯಿತು. ಅಧ್ಯಕ್ಷನೂ ಪರೀಕ್ಷೆಗೆ ಓದುತ್ತಿದ್ದ, ಕಾರ್ಯದರ್ಶಿಯೂ ಓದುತ್ತಿದ್ದ, ಖಜಾಂಚಿ ಮಂಗಳೂರಿನಲ್ಲಿ ಕೋಚಿಂಗಿಗೆ ಸೇರಿದ್ದ. ಆದಷ್ಟು ಬೇಗ ಹೊರಹೋಗಬೇಕು ಎಂದು ಪ್ರತಿಯೊಬ್ಬ ಸದಸ್ಯನೂ ದೇವರಿಗೆ ಹರಕೆ ಹೊತ್ತಿರುವ ಇನ್ನೊಂದು ಸಂಘವನ್ನು ನಾನು ಕಂಡಿಲ್ಲ.

ಆದರೂ ಸಂಘ ಬೇಕು ಎಂದೇ ನನ್ನ ಮತ. ಮನುಷ್ಯ ಹೋಗುತ್ತಾನೆ, ಅವನು ಬಿಟ್ಟ ಜಾಗಕ್ಕೆ ಮರುದಿನವೇ ಇನ್ನೊಬ್ಬ ಅದೇ ಕರಾರಿಗೆ ಸಹಿ ಹಾಕುತ್ತಾನೆ. ಹಂಗಾಮಿ ಆಗಿರುವುದು ಆಳು ಮಾತ್ರ, ಕೆಲಸವಲ್ಲ. ಇದನ್ನು ಹೇಳಿದ್ದಕ್ಕೆ ನನ್ನನ್ನೇ ಗೌರವ ಸಲಹೆಗಾರನನ್ನಾಗಿ ಮಾಡುವ ಠರಾವು ಬಂತು. ಇಡೀ ಸಭೆಯಲ್ಲಿ ಪಿಂಚಣಿ ಇರುವವನು ನಾನೊಬ್ಬನೇ ಎಂಬುದು ಸೂಚಕರ ಕಾರಣ. ಚಹಾದ ಬಿಲ್ಲು ಯಾರ ಮುಂದೆ ಬಂದು ನಿಂತಿತು ಎಂದು ಬೇರೆ ಹೇಳಬೇಕಿಲ್ಲ.

ಕೊನೆಯದಾಗಿ ವಾರ್ಷಿಕ ಚಂದಾ ಎಷ್ಟು ಎಂಬ ಚರ್ಚೆ. ಅಭಿರಕ್ಷಕರ ಕಚೇರಿಯ ಹುಡುಗಿ ಎದ್ದು ನಿಂತು, ತನ್ನ ಒಪ್ಪಂದಕ್ಕೆ ಉಳಿದಿರುವುದು ನಾಲ್ಕೇ ತಿಂಗಳು, ಇಡೀ ವರ್ಷದ ಚಂದಾ ಏಕೆ ಕೊಡಬೇಕು ಎಂದು ತಕರಾರು ತೆಗೆದಳು. ವಾದ ಎರಡೂ ಕಡೆಯಿಂದ ಬಹಳ ಚೆನ್ನಾಗಿ ನಡೆಯಿತು. ಮಾಣಿ ಅಭ್ಯಾಸಬಲದಿಂದ ಎದ್ದು, ಈ ವಿಷಯಕ್ಕೆ ಮುಂದಿನ ಭಾನುವಾರದವರೆಗೆ ಮುದ್ದತು ಕೇಳಿದ. ಸರ್ವಾನುಮತದಿಂದ ಮಂಜೂರಾಯಿತು.