ಕೃಪಾಂಕ ಮೀಮಾಂಸೆ: ಟೋಕಿಯೊ ಶಾಖೆ

ಕೃಪಾಂಕದಲ್ಲಿ ಎರಡು ಬಗೆ: ಕೇಳಿ ಪಡೆದದ್ದು, ಕೇಳದೆ ಬಂದದ್ದು. ಮೊದಲನೆಯದು ನಮ್ಮ ಎಸ್ಸೆಸ್ಸೆಲ್ಸಿ ಪರಂಪರೆಗೆ ಸೇರಿದ್ದು, ಅದು ಎಲ್ಲರಿಗೂ ಗೊತ್ತಿರುವುದೇ, ಬಿಡಿ. ಎರಡನೆಯದನ್ನು ಶಾಸ್ತ್ರದ ಮಟ್ಟಕ್ಕೇರಿಸಿದ ಕೀರ್ತಿ ಟೋಕಿಯೊ ಮೆಡಿಕಲ್ ಯೂನಿವರ್ಸಿಟಿಗೆ ಸಲ್ಲಬೇಕು. ಅಲ್ಲಿನ ಆಚಾರ್ಯರು ಇದನ್ನು ವರ್ಷಗಟ್ಟಲೆ ಗುಪ್ತವಿದ್ಯೆಯಾಗಿ ಕಾಪಾಡಿಕೊಂಡು ಬಂದಿದ್ದರು. 2018ರಲ್ಲಿ ಶಿಕ್ಷಣ ಸಚಿವಾಲಯದ ಹಿರಿಯ ಅಧಿಕಾರಿಯೊಬ್ಬರ ಮಗನಿಗೆ ಅಲ್ಲಿ ಸೀಟು ಸಿಕ್ಕಿದ ಲಂಚದ ಪ್ರಕರಣವನ್ನು ಕೆದಕುತ್ತ ಹೋದವರಿಗೆ, ಬಾವಿ ತೋಡುವವನಿಗೆ ತಾಮ್ರಶಾಸನ ಸಿಕ್ಕಂತೆ, ಮೂಲಸೂತ್ರ ಸಿಕ್ಕಿತು.

ಸೂತ್ರ: ಪ್ರಬಂಧದ ಅಂಕವನ್ನು 0.8ರಿಂದ ಗುಣಿಸು, ಗಂಡಾದರೆ 20 ಕೂಡಿಸು.

ಭಾಷ್ಯ: ಪ್ರಬಂಧಕ್ಕೆ 100 ಅಂಕ. ಗುಣಾಕಾರ ಎಲ್ಲರಿಗೂ ಒಂದೇ, ಇದರಲ್ಲಿ ಭೇದ ಹುಡುಕುವವರು ನಾಚಬೇಕು. ಪಂಕ್ತಿಭೇದವೇನಿದ್ದರೂ ಕೂಡುವ ಹೊತ್ತಿಗೆ. ಎರಡು ವರ್ಷ ನಪಾಸಾಗಿ ಬಂದ ಹುಡುಗನಿಗೂ 20 ಉಂಟು. ಮೂರು ವರ್ಷವಾದವನಿಗೆ 10. ನಾಲ್ಕು ವರ್ಷ ನಪಾಸಾದರೆ ಶಾಸ್ತ್ರವೂ ಅವನ ಕೈಬಿಟ್ಟು, ಎದ್ದು ಹೋಗಿ ಹೆಂಗಸರ ಪಂಕ್ತಿಯಲ್ಲಿ ಕೂತುಕೋ ಎನ್ನುತ್ತದೆ. ಹುಡುಗಿ ನೂರಕ್ಕೆ ನೂರು ತೆಗೆದಳೆನ್ನಿ, 80 ಆಯಿತು. ಹುಡುಗ ತೆಗೆದದ್ದು 75; ಗುಣಿಸಿದರೆ 60, ಕೂಡಿಸಿದರೆ 80. ಇಬ್ಬರೂ ಸಮಸಮ! ಸಮಾನತೆ ಬೇಕೆಂದು ಬೀದಿಗಿಳಿಯುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಪೂರ್ವಪಕ್ಷ: ಪಿಯುಸಿ ಓದುವ ನಮ್ಮಣ್ಣನ ಮಗಳು ಕೇಳುತ್ತಾಳೆ, “ಚಿಕ್ಕಪ್ಪ, ಆ 20 ಅಂಕ ಯಾವ ಪ್ರಶ್ನೆಗೆ?” ಪತ್ರಿಕೆಯಲ್ಲಿ ಅಚ್ಚಾಗದ ಪ್ರಶ್ನೆಗೆ, ಪುಟ್ಟಿ. ‘ಮದುವೆಯಾಗಿ ಮಕ್ಕಳಾದ ಮೇಲೆ ಕೆಲಸ ಬಿಡುತ್ತೀಯಾ?’ ಎಂಬುದೇ ಆ ಪ್ರಶ್ನೆ. ಹುಡುಗಿಯರಿಗೆ ತೊಂದರೆ ಯಾಕೆಂದು ಆಚಾರ್ಯರೇ ಅವರ ಪರವಾಗಿ ‘ಹೌದು’ ಎಂದು ಬರೆದುಕೊಂಡು ಮೌಲ್ಯಮಾಪನ ಮುಗಿಸಿದರು. ಡಾಕ್ಟರಮ್ಮಂದಿರೆಲ್ಲ ಹೆರಿಗೆಗೆ ಹೋದರೆ ಆಸ್ಪತ್ರೆಯ ರಾತ್ರಿ ಪಾಳಿ ಯಾರು ಮಾಡಬೇಕು ಎಂಬ ಕಳಕಳಿ ಅವರದು. “ಹಾಗಿದ್ದರೆ ಪಾಳಿಯನ್ನೇ ಸರಿಮಾಡಬಹುದಿತ್ತಲ್ಲ?” ಮಾಡಬಹುದಿತ್ತು. ಅದಕ್ಕೆ ಇನ್ನಷ್ಟು ಡಾಕ್ಟರುಗಳು ಬೇಕು, ಸಂಬಳ ಬೇಕು. ಇದಕ್ಕಾದರೆ ಒಂದು ಕ್ಯಾಲ್ಕುಲೇಟರ್ ಸಾಕು. ಹುಡುಗಿ ಇನ್ನೂ ಏನೋ ಕೇಳಲು ಬಾಯಿ ತೆರೆದಳು; ಗ್ರಂಥ ಬೆಳೆದೀತೆಂದು ಪೂರ್ವಪಕ್ಷವನ್ನು ಇಲ್ಲಿಗೇ ಮುಗಿಸಿದ್ದೇನೆ.

ಇನ್ನು ಜುಂಟೆಂಡೊ ಯೂನಿವರ್ಸಿಟಿಯ ಮತ. ಇದು ಇನ್ನೂ ಸೂಕ್ಷ್ಮ, ನಾನು ಅಡ್ಡಬೀಳುವುದು ಇದಕ್ಕೇ. ಹುಡುಗಿಯರಿಗೆ ಹುಡುಗರಿಗಿಂತ ಬೇಗ ಬುದ್ಧಿ ಬಲಿಯುತ್ತದೆ, ಮಾತಿನಲ್ಲೂ ಅವರೇ ಮುಂದು, ಹೀಗಾಗಿ ಸಂದರ್ಶನದಲ್ಲಿ ಹುಡುಗರಿಗೆ ಅನ್ಯಾಯವಾಗುತ್ತದೆ, ಅದನ್ನು ಸರಿದೂಗಿಸಿದೆವು ಎಂಬರ್ಥದಲ್ಲಿ ಅಲ್ಲಿನ ಡೀನ್ ಪತ್ರಕರ್ತರ ಮುಂದೆಯೇ ವಿವರಿಸಿದರು. ಪ್ರಮಾಣಕ್ಕೆಂದು 1991ರ ಅಮೆರಿಕದ ಲೇಖನವೊಂದನ್ನೂ ತೋರಿಸಿದರು. ಟೋಕಿಯೊ ಶಾಖೆಯವರು ಅಂಕ ತಗ್ಗಿಸಿದ್ದು ಹುಡುಗಿ ಕೆಲಸಕ್ಕೆ ಒದಗುವುದಿಲ್ಲವೆಂದು. ಜುಂಟೆಂಡೊದವರು ಪಾಸಿನ ಗೆರೆ ಏರಿಸಿದ್ದು ಅವಳು ಅತಿ ಜಾಣೆಯೆಂದು. ಒಂದಕ್ಕೊಂದು ಎದುರಾದ ಎರಡು ಹೇತುಗಳಿಂದ ಒಂದೇ ಸಾಧ್ಯವನ್ನು ಸಾಧಿಸುವ ಈ ಕೌಶಲ ನಮ್ಮ ನೈಯಾಯಿಕರಿಗೂ ಒಲಿದಿರಲಿಲ್ಲ. ಇಷ್ಟರ ಮೇಲೂ ಸಂಶಯವೆನ್ನುವವರಿಗೆ ಜುಂಟೆಂಡೊದಲ್ಲಿ ಇನ್ನೊಂದು ಹೇತುವೂ ಸಿದ್ಧವಿತ್ತು: ಹುಡುಗಿಯರ ಹಾಸ್ಟೆಲಿನಲ್ಲಿ ಜಾಗ ಸಾಲದು.

ಫಲಶ್ರುತಿ: 2018ರಲ್ಲಿ ಟೋಕಿಯೊ ಮೆಡಿಕಲ್‌ಗೆ ಅರ್ಜಿ ಹಾಕಿದ ಹುಡುಗರಲ್ಲಿ ಹತ್ತಿರಹತ್ತಿರ ಶೇ 9 ಮಂದಿ ಪಾಸಾದರು, ಹುಡುಗಿಯರಲ್ಲಿ ಶೇ 3 ಕೂಡ ಇಲ್ಲ. ಮರುವರ್ಷ ಕೃಪೆ ನಿಂತಿತು ನೋಡಿ, ಹುಡುಗಿಯರು ಹುಡುಗರಿಗಿಂತ ಒಂದು ಕೂದಲೆಳೆ ಮುಂದೆ. 2022ರಲ್ಲಿ ಮೀಮಾಂಸೆಯ ಗಂಧವಿಲ್ಲದ ಟೋಕಿಯೊ ಜಿಲ್ಲಾ ನ್ಯಾಯಾಲಯವು ಮೇ ತಿಂಗಳಲ್ಲಿ ಜುಂಟೆಂಡೊ 13 ಮಹಿಳೆಯರಿಗೆ, ಸೆಪ್ಟೆಂಬರಿನಲ್ಲಿ ಟೋಕಿಯೊ ಮೆಡಿಕಲ್ 27 ಮಹಿಳೆಯರಿಗೆ ಪರಿಹಾರ ಕೊಡಬೇಕೆಂದಿತು. ದುಡ್ಡಿನ ಮಾತು, ಹೋಗಲಿ. ನನ್ನನ್ನು ಕಾಡುತ್ತಿರುವುದು 2021ರ ಲೆಕ್ಕ. ಆ ವರ್ಷ ಜಪಾನಿನ ವೈದ್ಯಕೀಯ ಪ್ರವೇಶದಲ್ಲಿ ಒಟ್ಟಾರೆ ಹುಡುಗಿಯರು ಶೇ 13.60, ಹುಡುಗರು ಶೇ 13.51 ಪಾಸು. ಈ 0.09ರ ಘೋರ ಅಂತರಕ್ಕೆ ಪರಿಹಾರ ಸೂಚಿಸುವ ಉತ್ತರಖಂಡವನ್ನು ಬರೆಯಲು ಕೂತಿದ್ದೇನೆ. ಇನ್ನೂ ಯಾರೂ ಬಳಸದ ಕಾರಣವೇನಾದರೂ ಓದುಗರಿಗೆ ಹೊಳೆದರೆ ದಯವಿಟ್ಟು ತಿಳಿಸಬೇಕು. ಮದುವೆ, ಮಕ್ಕಳು, ಜಾಣತನ, ಹಾಸ್ಟೆಲು ಈ ನಾಲ್ಕು ಖರ್ಚಾಗಿವೆ.